ಸಹಾಯ ಬೇಕು: ಓಣಿಯ ಗೋಡೆಚಿತ್ರ ಕೆಳಗಿನಿಂದ ಉದುರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ಕೊಪ್ಪಳದವರು. ಓಣಿಯವರೆಲ್ಲ ಮನೆಗಿಷ್ಟು ಅಂತ ಪಟ್ಟಿ ಹಾಕಿ ಸಮುದಾಯ ಭವನದ ಹೊರಗೋಡೆಗೆ ಚಿತ್ರ ಬರೆಸಿದ್ದೇವೆ. ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಗಳಿಂದ ಜೋಳದ ರೊಟ್ಟಿ ಬರುತ್ತವಲ್ಲ, ಅದೇ ಚಿತ್ರ. ರೊಟ್ಟಿ ತುಂಬಿದ ಟ್ರ್ಯಾಕ್ಟರ್, ಬುಟ್ಟಿ ಹೊತ್ತ ಹೆಂಗಸರು, ಸಾಲಾಗಿ ಕೂತು ಉಣ್ಣುವ ಮಂದಿ. ಬುಟ್ಟಿ ಹೊತ್ತವರ ಮುಖಗಳೆಲ್ಲ ನಮ್ಮ ಓಣಿಯ ಅಜ್ಜಿಯರದೇ. ದಿನಾ ಒಬ್ಬರಾದರೂ ನಿಂತು ತಮ್ಮ ಮುಖ ನೋಡಿಕೊಂಡು ಹೋಗುತ್ತಾರೆ!

ತೊಂದರೆ ಏನಂದ್ರೆ, ನೆಲದಿಂದ ಸುಮಾರು 3 ಅಡಿವರೆಗೆ ಬಣ್ಣ ಉಬ್ಬಿ ಪದರು ಪದರಾಗಿ ಏಳುತ್ತಿದೆ. ಬುಡದಲ್ಲಿ ಬಿಳಿ ಉಪ್ಪಿನ ಪುಡಿ. ಉಣ್ಣಲು ಕೂತವರ ತಾಟುಗಳೇ ಮಾಯವಾಗಿವೆ. ಮೇಲಿನ ಭಾಗ ಚೆನ್ನಾಗಿದೆ. ಗೋಡೆ ಹಳೆಯ ಕಲ್ಲು-ಮಣ್ಣಿನದು, ಮೇಲೆ ಸಿಮೆಂಟ್ ಗಿಲಾವು.

ಒಮ್ಮೆ ಕೆರೆದು, ನೀರು ಹಾಕಿ ತೊಳೆದು, ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್ ಹೊಡೆಸಿದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. ಪಟ್ಟಿ ದುಡ್ಡೂ ಮುಗಿಯಿತು.

ಪೇಂಟರ್ ಅಣ್ಣ ಆಯಿಲ್ ಪೇಂಟ್ ಹೊಡೆಯಿರಿ ಅಂತಾರೆ. ಆದರೆ ಒಳಗಿನ ತೇವಕ್ಕೆ ಹೊರಗೆ ಬರಲು ದಾರಿಯೇ ಇಲ್ಲದಿದ್ದರೆ ಇನ್ನೂ ಜಾಸ್ತಿ ಉಬ್ಬುತ್ತೆ ಅಲ್ವಾ? ಹಿರಿಯ ಗೌಂಡಿಯೊಬ್ಬರು ಕೆಳಗಿನ ಸಿಮೆಂಟ್ ಕಿತ್ತು ಸುಣ್ಣದ ಗಿಲಾವು ಮಾಡಿಸಿ, ಗೋಡೆ ಉಸಿರಾಡಲಿ ಅಂದರು. ಅವರ ಮಾತು ನನಗೆ ಸರಿ ಅನಿಸುತ್ತೆ. ಆದರೆ ಸುಣ್ಣದ ಮೇಲೆ ಚಿತ್ರ ಬರೆಸಿದವರು ನಮ್ಮಲ್ಲಿ ಯಾರೂ ಇಲ್ಲ.

ಹೀಗೆ ಮಾಡಿಸಿದವರು ಹೇಳಿ: ಸುಣ್ಣದ ಗಿಲಾವು ಎಷ್ಟು ದಿನ ಒಣಗಬೇಕು, ಅದರ ಮೇಲೆ ಯಾವ ಬಣ್ಣ ನಿಲ್ಲುತ್ತೆ?