ಇಮ್ಯಾಜಿಕಾಗೆ ಮತ್ತೊಮ್ಮೆ: ಜನವರಿಯಲ್ಲಿ ಅತ್ತೆ ಮಾವನ ಜೊತೆ ಹೋಗಬಹುದಾ?

ಡೊಂಬಿವಲಿ ಈಸ್ಟ್:
ಖೋಪೋಲಿ ಹತ್ತಿರದ ಥೀಮ್ ಪಾರ್ಕ್ ಇಮ್ಯಾಜಿಕಾಗೆ ಇನ್ನೊಂದು ಸಲ ಹೋಗುವ ಯೋಚನೆ ಇದೆ. ಹೋಗಿ ಬಂದವರು ಸ್ವಲ್ಪ ದಾರಿ ಹೇಳಿ.

ಹಿಂದಿನ ಸಲ ಹೋಗಿದ್ದು ಕ್ರಿಸ್‌ಮಸ್ ರಜೆಯಲ್ಲಿ. ಟೂರ್ ಬಸ್ಸಿನವರು ಬೆಳಗ್ಗೆ ಆರಕ್ಕೆ ರೆಡಿ ಇರಿ ಅಂದರು. ಆಮೇಲೆ ಕಲ್ಯಾಣ್, ಠಾಣೆ, ಐರೋಲಿ ಅಂತ ಊರೆಲ್ಲ ಸುತ್ತಿ ಜನ ತುಂಬಿಕೊಂಡು ಅಲ್ಲಿಗೆ ಮುಟ್ಟಿಸುವಾಗ ಮಧ್ಯಾಹ್ನ. ರಜೆಯ ದಿನ ಅಲ್ವಾ, ಒಳಗೆ ಜನವೋ ಜನ. ನಮ್ಮವರು ತೆಗೆದ ಫೋಟೊಗಳಲ್ಲಿ ನಮಗಿಂತ ಬೇರೆಯವರ ಮಕ್ಕಳೇ ಜಾಸ್ತಿ. ರಾಜಾಸಾರಸ್ ದೋಣಿಯಲ್ಲಿ ಒದ್ದೆಯಾದೆವು, ಸಲೀಮ್‌ಗಢದ ಭೂತ ನೋಡಿ ಮಗ ಅತ್ತ, ಸಂಜೆ ಪೆರೇಡ್ ಬಂತು. ಅಷ್ಟರಲ್ಲಿ ಬಸ್ಸಿನವನ ಫೋನು.

ಮಗಳ ಕಥೆ ಬೇರೆ. ಅವಳು ಹೋಗಿದ್ದೇ ನೈಟ್ರೊ ಹತ್ತಲು. ಕಾಲಿನ ಕೆಳಗೆ ನೆಲವೇ ಇಲ್ಲದೆ ಸೀಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ತಲೆಕೆಳಗಾಗುವ ರೋಲರ್ ಕೋಸ್ಟರ್ ಅದು. ಅಳತೆಗೆ ನಿಲ್ಲಿಸಿದರೆ ಎರಡು ಬೆರಳು ಕಡಿಮೆ ಬಂತು. ಅಲ್ಲಿದ್ದ ಹುಡುಗ ಒಳ್ಳೆ ಮಾತಿನಲ್ಲೇ 'ಮುಂದಿನ ವರ್ಷ ಬಾ' ಅಂದ. ಅವಳು ಅದನ್ನೇ ಹಿಡಿದುಕೊಂಡಳು. ಭಾನುವಾರ ಬಂತೆಂದರೆ ಅಡುಗೆಮನೆ ಬಾಗಿಲ ಚೌಕಟ್ಟಿಗೆ ಹಿಮ್ಮಡಿ ಒತ್ತಿ ನಿಲ್ಲುತ್ತಾಳೆ, ತಲೆ ಮೇಲೆ ಸ್ಕೇಲು ಇಟ್ಟು ಪೆನ್ಸಿಲ್ ಗೆರೆ. ತಮ್ಮ ಸ್ಕೇಲನ್ನು ಓರೆ ಹಿಡಿದರೆ ಜಗಳ. ಈಗ ಗೆರೆ ದಾಟಿದ್ದಾಳೆ. ನಾನು ಇಲ್ಲ ಅನ್ನುವ ಹಾಗಿಲ್ಲ.

ಜನವರಿ ಎರಡನೇ ವಾರ ಕುಂದಾಪುರದಿಂದ ಅತ್ತೆ ಮಾವ ಮತ್ಸ್ಯಗಂಧ ರೈಲಿನಲ್ಲಿ ಬರುತ್ತಾರೆ. ಅವರನ್ನು ಮನೆಯಲ್ಲಿ ಕೂರಿಸಿ ನಾವು ಹೋಗುವುದು ಸರಿ ಕಾಣುವುದಿಲ್ಲ. ಮಾವನಿಗೆ ಮಂಡಿನೋವು. ಅತ್ತೆಗೆ ಜಾತ್ರೆಯ ತೊಟ್ಟಿಲು ನೋಡಿದರೂ ತಲೆ ಸುತ್ತುತ್ತದೆ. ವಾರದ ದಿನ ಹೋದರೆ ಖಾಲಿ ಇರುತ್ತದಾ? ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಟಿಕೆಟಿಗೆ ಜಾಸ್ತಿ ದುಡ್ಡು ಕೊಡುವುದು ಬೇಕಾ?

ಪಿಂಪ್ರಿಯಿಂದ ಘಾಟ್ ಇಳಿದವನು:
ಅಕ್ಕಾ, ಜನವರಿಯಲ್ಲಿ ವಾರದ ದಿನ ಖಾಲಿ ಅಂತ ನಂಬಿಕೊಂಡು ಹೊರಡಬೇಡಿ. ಡಿಸೆಂಬರ್, ಜನವರಿ ಅಂದರೆ ಶಾಲೆಯವರ ಪಿಕ್ನಿಕ್ ಕಾಲ. ಪಾರ್ಕಿಂಗ್‌ನಲ್ಲಿ ಸಾಲಾಗಿ ಹಳದಿ ಬಸ್ಸು ಕಂಡರೆ ಅರ್ಥ ಮಾಡಿಕೊಳ್ಳಿ. ಆದರೂ ಶನಿವಾರ, ಭಾನುವಾರಕ್ಕಿಂತ ವಾಸಿ. ಬಸ್ಸಿನ ಮಕ್ಕಳು ಬೇಗ ವಾಪಸ್ ಹೊರಡಬೇಕು, ಹಾಗಾಗಿ ಸಂಜೆ ಒಮ್ಮೆಲೇ ಜಾಗ ಸಡಿಲವಾಗುತ್ತದೆ. ನಿಜವಾಗಿ ಖಾಲಿ ಬೇಕಿದ್ದರೆ ಹತ್ತನೇ, ಹನ್ನೆರಡನೇ ತರಗತಿ ಪರೀಕ್ಷೆ ನಡೆಯುವಾಗ ಹೋಗಬೇಕು, ಇಲ್ಲ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ. ಜೂನ್‌ನಲ್ಲಿ ಖೋಪೋಲಿ ಮಳೆ ನಿಮಗೆ ಗೊತ್ತೇ ಇದೆ, ಜೋರಾಗಿ ಹೊಡೆದರೆ ಹೊರಗಿನ ರೈಡ್ ನಿಲ್ಲಿಸುತ್ತಾರೆ.

ಮುಖ್ಯ ವಿಷಯ ಹೇಳುತ್ತೇನೆ. ಕ್ಯೂ ಎಷ್ಟು ಉದ್ದ ಇದೆ ಅಂತ ನೋಡಬೇಡಿ. ಅದು ಎಷ್ಟು ಬೇಗ ಕರಗುತ್ತದೆ ನೋಡಿ. ಐ ಫಾರ್ ಇಂಡಿಯಾ, ರಾತ್ ಆಫ್ ದಿ ಗಾಡ್ಸ್ ಇವೆಲ್ಲ ಥಿಯೇಟರ್ ಥರ. ಬಾಗಿಲು ತೆರೆದರೆ ಒಂದು ದೊಡ್ಡ ಗುಂಪು ಪೂರ್ತಿ ಒಳಗೆ ಹೋಗುತ್ತದೆ. ಕ್ಯೂ ಹೊರಗೆ ಬೆಳೆದಿದ್ದರೂ ಒಂದೆರಡು ಶೋನಲ್ಲಿ ನಿಮ್ಮ ಸರದಿ. ರೋಲರ್ ಕೋಸ್ಟರ್ ಹಾಗಲ್ಲ. ಒಂದು ಗಾಡಿಯಲ್ಲಿ ಹಿಡಿಸುವುದು ಕೆಲವೇ ಜನ. ಪ್ರತಿಯೊಬ್ಬರ ಭುಜದ ಪಟ್ಟಿ ಎಳೆದು ನೋಡಬೇಕು, ಕನ್ನಡಕ, ಫೋನು ತೆಗೆಸಬೇಕು, ಯಾರೋ ಒಬ್ಬರು ಹೆದರಿ ಇಳಿಯುತ್ತಾರೆ. ಅಲ್ಲಿ ಸಣ್ಣ ಕ್ಯೂ ಕೂಡ ಕೊಲ್ಲುತ್ತದೆ. ಜನ ಇದನ್ನು ಉಲ್ಟಾ ಮಾಡುತ್ತಾರೆ. ಗೇಟಿನ ಹತ್ತಿರ ಸಿಕ್ಕಿದ್ದಕ್ಕೆಲ್ಲ ಹತ್ತಿ, ಊಟ ಮುಗಿಸಿ, ಮಧ್ಯಾಹ್ನ ನೈಟ್ರೊ ಕ್ಯೂಗೆ ಬಂದು ನಿಲ್ಲುತ್ತಾರೆ.

ನೀವು ಗೇಟು ತೆರೆಯುವ ಮೊದಲೇ ಅಲ್ಲಿರಿ. ಮಗಳು ಮತ್ತು ಅವಳಪ್ಪ ಸೀದಾ ನೈಟ್ರೊಗೆ ಹೋಗಲಿ. ದಾರಿಯಲ್ಲಿ ಫೋಟೊ, ಟೊಪ್ಪಿ, ಪಾಪ್‌ಕಾರ್ನ್ ಏನೂ ಬೇಡ. ಆಮೇಲೆ ಡೀಪ್ ಸ್ಪೇಸ್. ಅದು ಪೂರ್ತಿ ಕತ್ತಲೆಯಲ್ಲಿ ಓಡುವ ಕೋಸ್ಟರ್. ಈ ಎರಡು ಆಯಿತೆಂದರೆ ಉಳಿದ ದಿನ ಆರಾಮ. ಹೀಗೆ ಮಾಡಿದರೆ ವಾರದ ದಿನ ಎಕ್ಸ್‌ಪ್ರೆಸ್ ಟಿಕೆಟ್ ದಂಡ. ಭಾನುವಾರವೇ ಹೋಗಬೇಕು ಅಂತಿದ್ದರೆ ತೆಗೆದುಕೊಳ್ಳಿ, ಅದೂ ಕೋಸ್ಟರ್ ಹತ್ತುವ ಇಬ್ಬರಿಗೆ ಮಾತ್ರ.

ಇನ್ನೊಂದು, ಮಗಳಿಗೆ ಮೊದಲೇ ಹೇಳಿ, ಮೇಲೆ ಕಟ್ಟಿದ ಜುಟ್ಟು ಲೆಕ್ಕಕ್ಕೆ ಬರುವುದಿಲ್ಲ. 🙂

ಹಳೇ ಭಾಂಡುಪ್:
ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು. ಹೋಟೆಲ್ ಕೆಲಸಕ್ಕೆ ರಜೆ ಸಿಕ್ಕಿದರೆ ಬೊರಿವಲಿಗೆ ಹೋಗಿ, ಗೋರಾಯಿ ಖಾಡಿಯಲ್ಲಿ ಲಾಂಚ್ ಹಿಡಿದು ಎಸ್ಸೆಲ್‌ವರ್ಲ್ಡ್ ಪಾರ್ಕಿಗೆ. 1989ರಲ್ಲಿ ಶುರುವಾದಾಗ ಮುಂಬಯಿಗೆ ಅದೇ ದೊಡ್ಡ ಸುದ್ದಿ. ಈಗ ಮುಚ್ಚಿದೆ, ಪಕ್ಕದ ನೀರಾಟದ ಪಾರ್ಕು ವಾಟರ್ ಕಿಂಗ್‌ಡಮ್ ಉಳಿದಿದೆ.

ಇಮ್ಯಾಜಿಕಾ ಕಟ್ಟಿಸಿದ್ದು ನಮ್ಮ ಮನಮೋಹನ ಶೆಟ್ಟರು, 2013ರಲ್ಲಿ. ಸಿನಿಮಾದ ರೀಲು ತೊಳೆಯುವ ಆಡ್‌ಲ್ಯಾಬ್ಸ್‌ನಿಂದ ಮೇಲೆ ಬಂದವರು. 2022ರಲ್ಲಿ ಅದು ಮಾಲ್ಪಾಣಿ ಗ್ರೂಪಿನವರ ಕೈಗೆ ಹೋಯಿತು. ಆದರೂ ನಮ್ಮ ಬಂಟರ ಸಂಘದವರು ಇವತ್ತಿಗೂ 'ಶೆಟ್ರ ಪಾರ್ಕು' ಅಂತಲೇ ಹೇಳುವುದು.

ಹಿರಿಯರ ವಿಚಾರಕ್ಕೆ ಬರುತ್ತೇನೆ. ಹತ್ತಿರದಲ್ಲೇ ಮಹಡ್‌ನ ವರದವಿನಾಯಕ ಇದ್ದಾನೆ, ಮಹಾರಾಷ್ಟ್ರದ ಎಂಟು ಪ್ರಸಿದ್ಧ ಗಣಪತಿಗಳಾದ ಅಷ್ಟವಿನಾಯಕದಲ್ಲಿ ಒಬ್ಬ. ಅಲ್ಲಿ ಗರ್ಭಗುಡಿಗೆ ಭಕ್ತರೇ ಹೋಗಿ ಪೂಜೆ ಮಾಡಬಹುದು. 1892ರಿಂದ ಆರದೆ ಉರಿಯುತ್ತಿದೆ ಎನ್ನುವ ನಂದಾದೀಪ ಇದೆ. ನಿಮ್ಮ ಅತ್ತೆಗೆ ಕೋಸ್ಟರಿಗಿಂತ ಇದೇ ಹಿಡಿಸುತ್ತದೆ. ಕಾರಿನಲ್ಲಿ ಮಕ್ಕಳನ್ನು ಪಾರ್ಕಿನ ಗೇಟಿಗೆ ಬಿಟ್ಟು ಹಿರಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ದರ್ಶನ ಮುಗಿಸಿ ಬನ್ನಿ. ಅಷ್ಟವಿನಾಯಕದ ಇನ್ನೊಬ್ಬ, ಪಾಲಿಯ ಬಲ್ಲಾಳೇಶ್ವರನನ್ನು ಅದೇ ದಿನಕ್ಕೆ ಸೇರಿಸಬೇಡಿ, ಇನ್ನೂ ಮುಂದೆ ಹೋಗಬೇಕು.

ಮ್ಯಾಪಿನಲ್ಲಿ ಹಾಕುವಾಗ ಮಾತ್ರ ಎಚ್ಚರ ಮಾರಾಯ್ತಿ. ಖಾಲಾಪುರ ತಾಲೂಕಿನ ಮಹಡ್ ಆರಿಸಿ. ಗೋವಾ ಹೆದ್ದಾರಿಯ ಮಹಾಡ್ ಬೇರೆ, ಬಹಳ ದೂರ. ನಮ್ಮ ಪೈಕಿ ಒಬ್ಬರು ಆ ಹೆದ್ದಾರಿಯಲ್ಲಿ ವಡಖಳ್ ದಾಟಿದ ಮೇಲೆ ಫೋನ್ ಮಾಡಿದ್ದರು.

ಮೀರಾ ರೋಡ್ ಸೊಸೆ:
ಎಲ್ಲರೂ ಪ್ಲಾನ್ ಮಾಡುತ್ತಿದ್ದೀರಿ, ಅವರನ್ನು ಯಾರಾದರೂ ಕೇಳಿದಿರಾ? ನಮ್ಮ ಅತ್ತೆಯನ್ನು ಹೀಗೇ ಕರೆದುಕೊಂಡು ಹೋಗಿ, ಅವರು ಇಡೀ ದಿನ ಬ್ಯಾಗ್ ಕಾದರು. ಊರಿಗೆ ಹೋಗಿ ಎಲ್ಲರಿಗೂ ಅದನ್ನೇ ಹೇಳಿದರು. ಸಾವಿರಗಟ್ಟಲೆ ಟಿಕೆಟ್ ಕೊಟ್ಟು ಬೆಂಚಿನ ಮೇಲೆ ಕೂರುವುದಕ್ಕಿಂತ ಮನೆಯಲ್ಲಿ ಟೀವಿ ಮುಂದೆ ಕೂರುವುದು ಮೇಲು.

ಡೊಂಬಿವಲಿ ಈಸ್ಟ್:
ಸೊಸೆಯವರೇ, ನಿಮ್ಮ ಮಾತು ಓದಿ ನಿನ್ನೆ ರಾತ್ರಿಯೇ ಊರಿಗೆ ಫೋನ್ ಮಾಡಿದೆ. ಮಾವ ಬರುತ್ತಾರಂತೆ, ಆದರೆ ಕೂತು ನೋಡುವಂಥದ್ದು ಮಾತ್ರ. ಐ ಫಾರ್ ಇಂಡಿಯಾದಲ್ಲಿ ಕಾಲು ಇಳಿಬಿಟ್ಟು ಪರದೆ ಮುಂದೆ ದೇಶವನ್ನೆಲ್ಲ ಮೇಲಿಂದ ನೋಡುವುದು ಅಂದೆ. ಮಂಡಿ ಮಡಚುವುದು ಬೇಡವಲ್ಲ, ಆಗಲಿ ಅಂದರು. ಅತ್ತೆ ವರದವಿನಾಯಕ ಅಂದ ಕೂಡಲೇ ಒಪ್ಪಿದರು. ಪಾರ್ಕಿಗೆ ಟಿಕೆಟ್ ತೆಗೆಯಬೇಡಿ, ನಾನು ಹೊರಗೆ ಕಾರಿನಲ್ಲಿ ಕೂರುತ್ತೇನೆ ಅಂತಿದ್ದಾರೆ. ಅದನ್ನು ಆಮೇಲೆ ನೋಡೋಣ.

ಕೋಡುಬಳೆ ಡಬ್ಬಿ ಬೇರೆ ತರುತ್ತಿದ್ದಾರೆ. ಒಳಗೆ ಬಿಡುತ್ತಾರಾ?

ಪಿಂಪ್ರಿಯಿಂದ ಘಾಟ್ ಇಳಿದವನು:
ಹೊರಗಿನ ತಿಂಡಿ ಬಿಡುವುದಿಲ್ಲ. ಡಬ್ಬಿ ಕಾರಿನಲ್ಲೇ ಇರಲಿ, ಗೇಟಿಗೆ ಹೋಗುವ ಮೊದಲು ಹೊಟ್ಟೆ ತುಂಬಿಸಿಕೊಳ್ಳಿ. ಆದರೆ ಕೋಸ್ಟರ್ ಹತ್ತುವವರಿಗೆ ಜಾಸ್ತಿ ಕೊಡಬೇಡಿ. ಡೊಂಬಿವಲಿಯಿಂದ ಬೇಗ ಹೊರಡಿ, ಶಿಳ್‌ಫಾಟಾ ಟ್ರಾಫಿಕ್ ಶುರುವಾದರೆ ನೈಟ್ರೊ ಕ್ಯೂನೇ ವಾಸಿ ಅನಿಸುತ್ತದೆ.

ಹಳೇ ಭಾಂಡುಪ್:
ಮಂಗಳವಾರ ಬೇಡ. ಗಣಪತಿ ದರ್ಶನಕ್ಕೆ ಆ ದಿನ ಜನ ಜಾಸ್ತಿ, ಮಾವನಿಗೆ ನಿಲ್ಲಲು ಆಗುವುದಿಲ್ಲ. ಪಂಚಾಂಗದಲ್ಲಿ ಸಂಕಷ್ಟಿ, ಮಾಘಿ ಗಣೇಶ ಜಯಂತಿ ಎರಡೂ ನೋಡಿಕೊಳ್ಳಿ. ಬುಧವಾರ ಆದರೆ ದೇವಸ್ಥಾನಕ್ಕೂ ಸರಿ, ಪಾರ್ಕಿಗೂ ಸರಿ.