ಕಾನಿನ ದಾರಿಯಲ್ಲಿ ಮುಸಿಯ ಸತ್ತಿದೆ, ಭಾನುವಾರದ ಶ್ರಮದಾನ ನಿಲ್ಲಿಸೋಣ

ಮನೆ 31, ಕೊನೆ ಸಾಲು
ಎಲ್ಲರೂ ಇದನ್ನು ಮೊದಲು ಓದಿ, ಗುಡ್ ಮಾರ್ನಿಂಗ್ ಆಮೇಲೆ ಕಳಿಸಿ. ನೀರಿನ ಟ್ಯಾಂಕ್ ದಾಟಿ ಕಾನಿಗೆ ಇಳಿಯುವ ಕಾಲುದಾರಿಯಲ್ಲಿ, ಹಲಸಿನ ಮರದ ಬುಡದಲ್ಲಿ ಒಂದು ಮುಸಿಯ, ಅಂದರೆ ಕಪ್ಪು ಮೂತಿಯ ಮಂಗ, ಸತ್ತು ಬಿದ್ದಿದೆ. ಗಾಯ ಕಾಣುತ್ತಿಲ್ಲ. ಆ ಕಡೆ ಕರೆಂಟ್ ತಂತಿಯೂ ಇಲ್ಲ. ದೂರದಿಂದ ನೋಡಿ ವಾಪಸ್ ಬಂದೆ. ಯಾರೂ ಹೋಗಬೇಡಿ, ಫೋಟೊ ತೆಗೆಯಲು ಸಹ ಬೇಡ. ಭಾನುವಾರ ದರಕು (ಉದುರಿದ ಒಣ ಎಲೆ) ಗುಡಿಸುವ ಶ್ರಮದಾನ ಇಟ್ಟುಕೊಂಡಿರುವುದು ಇದೇ ದಾರಿಯಲ್ಲಿ, ಅಲ್ವಾ? ನಿಲ್ಲಿಸಬೇಕು.

ಮನೆ 12
ಒಂದು ಮಂಗ ಸತ್ತಿದ್ದಕ್ಕೆ ಇಷ್ಟು ಗಾಬರಿ ಯಾಕೆ ಸರ್? ವಯಸ್ಸಾಗಿ ಸತ್ತಿರಬಹುದು. ಬ್ಯಾನರ್ ಪ್ರಿಂಟ್‌ಗೆ ಕೊಟ್ಟಾಗಿದೆ, ತಿಂಡಿಗೂ ಹೇಳಿದ್ದೇನೆ.

ಮನೆ 31
ವಯಸ್ಸಾಗಿಯೂ ಸತ್ತಿರಬಹುದು, ಇಲ್ಲ ಅನ್ನುತ್ತಿಲ್ಲ. ಪರೀಕ್ಷೆ ಆಗುವವರೆಗೆ ಹಾಗೆ ಅಂದುಕೊಳ್ಳುವುದು ಬೇಡ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ಹೀಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಅದೇ ಹೊತ್ತಿಗೆ ಸುತ್ತಲಿನ ಊರುಗಳಲ್ಲಿ ಜನ ಜ್ವರ ಬಂದು ಮಲಗುತ್ತಿದ್ದರು. ಅದಕ್ಕೇ ಡಾಕ್ಟರುಗಳು ಇದನ್ನು ಕೆಎಫ್‌ಡಿ, ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅನ್ನುವುದು, ಆ ಕಾಡಿನ ಹೆಸರು ಅದರೊಳಗೇ ಇದೆ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 2019ರ ಹೊತ್ತಿಗೆ ಅರಳಗೋಡಿನಲ್ಲಿ ಇದೇ ಕಾಯಿಲೆಗೆ ಜನ ಸತ್ತದ್ದನ್ನು ನಮ್ಮ ತಾಲೂಕಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮನೆ 19
ಕಾಯಿಲೆ ಮಂಗದಿಂದ ತಾನೇ ಬರುವುದು? ಎಲ್ಲವನ್ನೂ ಹಿಡಿಸಿ ದೂರ ಬಿಡಿಸೋಣ. ನಮ್ಮ ತಾರಸಿಯ ಟ್ಯಾಂಕ್ ಮುಚ್ಚಳವನ್ನೂ ಅವೇ ಮುರಿದದ್ದು.

ಮನೆ 8
ನಾನು ಆಸ್ಪತ್ರೆಯಲ್ಲಿ ನರ್ಸ್, ಈ ಕಾಯಿಲೆಯವರನ್ನು ನೋಡಿಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮುಚ್ಚಳದ ಸಿಟ್ಟು ಬೇರೆ, ಇದು ಬೇರೆ. ಮನುಷ್ಯನಿಗೆ ಕಾಯಿಲೆ ತಗಲುವುದು ಮುಖ್ಯವಾಗಿ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕಚ್ಚಿ. ವೈರಸ್ ಕಾಡಿನಲ್ಲಿ ಉಳಿದುಕೊಳ್ಳುವುದು ಉಣುಗಿನಲ್ಲಿ ಮತ್ತು ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳಲ್ಲಿ. ಮಂಗವೂ ನಮ್ಮ ಹಾಗೇ ಕಚ್ಚಿಸಿಕೊಂಡು ಕಾಯಿಲೆ ಬೀಳುತ್ತದೆ, ನಮಗಿಂತ ಬೇಗ ಸಾಯುತ್ತದೆ. ಕಪ್ಪು ಮೂತಿಯ ಮುಸಿಯ, ಕೆಂಪು ಮೂತಿಯ ಮಂಗ, ಎರಡಕ್ಕೂ ಬರುತ್ತದೆ. ಸತ್ತ ಮೇಲೆ ಅದರ ಮೈ ಮೇಲಿದ್ದ ಉಣುಗುಗಳು ಅಲ್ಲೇ ಉದುರಿ ದರಕಿನೊಳಗೆ ಸೇರಿಕೊಳ್ಳುತ್ತವೆ, ಮುಂದೆ ಬರುವ ಬಿಸಿ ಮೈಗಾಗಿ ಕಾಯುತ್ತವೆ. ಅದಕ್ಕೇ ಸತ್ತ ಜಾಗದ ಸುತ್ತ 50 ಮೀಟರ್‌ವರೆಗೆ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕುವುದು. ನಾವು ಭಾನುವಾರ ಪೊರಕೆ ಹಿಡಿದು ಕೂರಲು ಹೊರಟಿದ್ದು ಸರಿಯಾಗಿ ಆ 50 ಮೀಟರ್ ಒಳಗೆ.

ಇನ್ನು ಮಂಗ ಹಿಡಿಸಿ ಬಿಡುವುದು ಅಂದರೆ ಅದರ ಮೈ ಮೇಲಿನ ಉಣುಗನ್ನೂ ಇನ್ನೊಂದು ಊರಿಗೆ ಕಳಿಸಿದಂತೆ. ಇದು ಒಂದು ಕಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಕಾಯಿಲೆ ಆಗಿತ್ತು. ಈಗ ಗೋವಾದ ಸತ್ತರಿ, ಕೇರಳದ ವಯನಾಡು, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ.

ಮನೆ 5
ದರಕಿಗೆ ಬೆಂಕಿ ಹಾಕಿದರೆ ಮುಗಿಯಿತಲ್ಲ?

ಮನೆ 31
ಜನವರಿಯ ಒಣ ಕಾನಿಗೆ ಬೆಂಕಿ ಹಾಕಿ ಅದು ಹಲಸಿನ ಮರದ ಹತ್ತಿರವೇ ನಿಂತುಕೊಳ್ಳುತ್ತದೆ ಅಂತ ಬರೆದುಕೊಡುತ್ತೀರಾ? ಅರಣ್ಯದವರ ಕೇಸ್ ಬೇರೆ. ಬೇಡ.

ಮನೆ 3
ನನ್ನದೊಂದು ಮಾತು, ಸುಮ್ನೆ ವಾದಕ್ಕಲ್ಲ. ಶ್ರಮದಾನದ ದರಕು ನಮ್ಮ ಕೊಟ್ಟಿಗೆಗೆ ಅಂತ ಮಾತಾಗಿತ್ತು. ವಾಕಿಂಗ್ ಹೋಗುವವರಿಗೆ ದಾರಿ ಮುಚ್ಚಿದರೆ ರಸ್ತೆ ಮೇಲೆ ನಡೆಯುತ್ತಾರೆ, ಅಷ್ಟೇ. ಹಸು ಇರುವವರು ಕೊಟ್ಟಿಗೆಗೆ ಏನು ಹಾಸಬೇಕು? ಎಲೆ ಉದುರುವುದೂ ಈ ತಿಂಗಳುಗಳಲ್ಲೇ, ಉಣುಗು ಜಾಸ್ತಿ ಇರುವುದೂ ಈ ತಿಂಗಳುಗಳಲ್ಲೇ, ನಮಗೆ ದರಕು ಬೇಕಾಗುವುದೂ ಈಗಲೇ. ಪ್ರತಿ ವರ್ಷ ಬಂದು ಕಾಡಿಗೆ ಹೋಗಬೇಡಿ ಅಂತ ಹೇಳಿ ಹೋಗುತ್ತಾರೆ. ಹೋಗದೆ ಹೇಗೆ ನಡೆಸುವುದು ಅಂತ ಯಾರೂ ಹೇಳುವುದಿಲ್ಲ.

ಮನೆ 31
ನಿಮ್ಮ ಮಾತು ಸರಿ. ನಿಜವಾಗಿ ಅಪಾಯ ಇರುವುದು ದರಕು, ಸೌದೆ, ಸೊಪ್ಪಿಗೆ ಹೋಗುವವರಿಗೆ, ಬೆಳಗಿನ ವಾಕಿಂಗ್‌ನವರಿಗಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಒಂದು ಯೋಚನೆ. ಬ್ಯಾನರ್‌ದು ಹೋಯಿತು ಅಂದುಕೊಳ್ಳೋಣ, ಆದರೆ ತಿಂಡಿಗೆ, ಪೊರಕೆ ಗಾಡಿಗೆ ಅಂತ ಕೂಡಿಸಿದ ದುಡ್ಡು ಇದೆಯಲ್ಲ, ಅದರಲ್ಲಿ ಮಿಲ್‌ನಿಂದ ಒಂದು ಲೋಡ್ ಭತ್ತದ ಹೊಟ್ಟು ತರಿಸೋಣ. ಅಡಿಕೆ ಸುಲಿದ ಸಿಪ್ಪೆ ಯಾರ ಮನೆಯಲ್ಲಿ ರಾಶಿ ಬಿದ್ದಿದೆ ಹೇಳಿ, ಅದನ್ನು ಒಣಗಿಸಿ ಕೊಟ್ಟಿಗೆಗೆ ಕೊಡೋಣ. ಮಳೆ ಹಿಡಿಯುವವರೆಗೆ ಹೇಗೋ ಆಗುತ್ತದೆ. ಮನೆ 12, ಪ್ಲೀಸ್, ತಿಂಡಿ ಕ್ಯಾನ್ಸಲ್ ಮಾಡಿ.

ಮನೆ 12
ಸರಿ. ಮೊದಲೇ ಹೀಗೆ ಹೇಳಿದ್ದರೆ ಇಷ್ಟು ಮಾತೇ ಬೇಕಿರಲಿಲ್ಲ. ಅಡಿಕೆ ಸಿಪ್ಪೆ ನಮ್ಮ ತೋಟದಲ್ಲಿದೆ, ಒಯ್ಯಿರಿ.

ಮನೆ 27
ದಾರಿ ಗುಡಿಸಲು ಬರುವ ಇಬ್ಬರಿಗೆ ಯಾರಾದರೂ ವಿಷಯ ಹೇಳಿದ್ದೀರಾ? ಅವರು ಈ ಗುಂಪಿನಲ್ಲಿ ಇಲ್ಲ. ಸಂಜೆ ಮನೆಗೆ ಹೋಗುವಾಗ ಅದೇ ಕಾನಿನಿಂದ ಸೌದೆ ಹೊತ್ತುಕೊಂಡು ಹೋಗುತ್ತಾರೆ.

ಮನೆ 8
ಇಲ್ಲಿಯವರೆಗೆ ಬಂದ ಮೆಸೇಜ್‌ಗಳಲ್ಲಿ ಮುಖ್ಯವಾದದ್ದು ಇದೇ. ಇವತ್ತೇ ಹೋಗಿ ಹೇಳುತ್ತೇನೆ. ಆಶಾ ಕಾರ್ಯಕರ್ತೆಯ ಹತ್ತಿರ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಕಾಡಿಗೆ ಹೋಗಲೇಬೇಕಾದವರು ಹೊರಡುವ ಮೊದಲು ಕೈಕಾಲಿಗೆ, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಉದ್ದ ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಬೇಕು. ನೆಲದ ಮೇಲೆ ಕೂರಬಾರದು. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ತಾವು ಸ್ನಾನಕ್ಕೆ. ಸ್ನಾನದಲ್ಲಿ ಮೊಣಕಾಲಿನ ಹಿಂದೆ, ತೊಡೆಯ ಸಂದಿ, ಕಂಕುಳು, ಕಿವಿಯ ಹಿಂದೆ, ಸೊಂಟದ ದಾರ ಇರುವ ಜಾಗ, ಎಲ್ಲ ಮುಟ್ಟಿ ನೋಡಿಕೊಳ್ಳಿ. ಕಣ್ಣನ್ನೇ ನಂಬಬೇಡಿ. ಈ ಕಾಲದಲ್ಲಿ ಕಚ್ಚುವುದು ಹೆಚ್ಚಾಗಿ ಮರಿ ಉಣುಗು, ಗಸಗಸೆ ಕಾಳಿನಷ್ಟೇ ಇರುತ್ತದೆ, ಮಚ್ಚೆ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಮನೆ 22
ಕಚ್ಚಿ ಹಿಡಿದಿದ್ದರೆ ಸೀಮೆಎಣ್ಣೆ ಹಾಕಿದರೆ ಬಿಡುತ್ತದೆ. ನಮ್ಮ ಅಜ್ಜಿ ಊದುಬತ್ತಿ ತಾಗಿಸುತ್ತಿದ್ದರು.

ಮನೆ 8
ಎರಡೂ ಬೇಡ. ಸುಟ್ಟರೆ, ಎಣ್ಣೆ ಹಾಕಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಾರಬಹುದು. ಸಣ್ಣ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಉಗುರಲ್ಲಿ ಕುಕ್ಕಬೇಡಿ. ಆಮೇಲೆ ಗಾಯ, ಕೈ ಎರಡನ್ನೂ ಸೋಪು ಹಾಕಿ ತೊಳೆಯಿರಿ. ಯಾವತ್ತು ಕಚ್ಚಿತು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಡಾಕ್ಟರಿಗೆ ಹೇಳಲು ಬೇಕಾಗುತ್ತದೆ.

ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ಬರಬಹುದು. ಇದ್ದಕ್ಕಿದ್ದಂತೆ ಚಳಿ, ಜ್ವರ, ಹಣೆಯಲ್ಲಿ ವಿಪರೀತ ನೋವು, ಮೈಕೈ ಹಿಂಡಿದಂಥ ನೋವು, ವಾಂತಿ, ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ರಕ್ತಸ್ರಾವ ಹೆಚ್ಚಿಸಬಹುದು. ಪ್ಯಾರಸಿಟಮಾಲ್ ಸಾಕು, ಅದೂ ಆಸ್ಪತ್ರೆಗೆ ಹೋಗುವ ದಾರಿಗೆ. ಜ್ವರ ಬಿಟ್ಟಿತು ಅಂತ ತೋಟದ ಕೆಲಸಕ್ಕೆ ಇಳಿಯುವುದೂ ಬೇಡ. ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರಳಿ ಬರುತ್ತದೆ, ಆಗ ತಲೆನೋವಿನ ಜೊತೆ ಕೈ ನಡುಕ, ಮಂಪರು, ಮಾತು ತಪ್ಪುವುದು ಎಲ್ಲ ಇರಬಹುದು.

ಇದಕ್ಕೇ ಅಂತ ಔಷಧ ಇಲ್ಲ. ಆದರೆ ಬೇಗ ಸೇರಿಸಿ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಂಡರೆ ಹೆಚ್ಚಿನವರು ಗುಣವಾಗುತ್ತಾರೆ. ಕಾಯಿಲೆ ಬಂದವರಲ್ಲಿ 100ಕ್ಕೆ 3ರಿಂದ 5 ಜನ ಸಾಯುತ್ತಾರೆ ಅನ್ನುವ ಲೆಕ್ಕ ಇದೆ, ತಡ ಮಾಡಬೇಡಿ. ಮತ್ತೆ, ಎಲ್ಲ ಜ್ವರವೂ ಇದೇ ಅಲ್ಲ. ಸ್ಕ್ರಬ್ ಟೈಫಸ್, ಇಲಿಜ್ವರ, ಡೆಂಗಿ ಎಲ್ಲವೂ ಶುರುವಿನಲ್ಲಿ ಹೀಗೇ ಇರುತ್ತವೆ. ಸ್ಕ್ರಬ್ ಟೈಫಸ್‌ಗೆ, ಇಲಿಜ್ವರಕ್ಕೆ ಔಷಧ ಇದೆ, ಹಾಗಾಗಿ ರಕ್ತ ಪರೀಕ್ಷೆ ಆಗಲೇಬೇಕು. ಡಾಕ್ಟರ್ ಕೇಳದಿದ್ದರೂ ‘ಕಾಡಿಗೆ ಹೋಗಿದ್ದೆ, ಹತ್ತಿರದಲ್ಲಿ ಮಂಗ ಸತ್ತಿದೆ’ ಅಂತ ನೀವೇ ಹೇಳಿ.

ಮನೆ 16
ಲಸಿಕೆ ಹಾಕಿಸಿಕೊಂಡರೆ ಆಗಲ್ವಾ?

ಮನೆ 8
ಹಳೆಯ ಲಸಿಕೆ ಅಷ್ಟು ಕೆಲಸ ಮಾಡುತ್ತಿಲ್ಲ ಅಂತ ಕೊಡುವುದನ್ನು ನಿಲ್ಲಿಸಿದ್ದಾರೆ. ಸದ್ಯಕ್ಕೆ ಎಣ್ಣೆ, ಬಟ್ಟೆ, ಸ್ನಾನವೇ ಗತಿ.

ಮನೆ 19
ಯಾರಿಗಾದರೂ ಬಂದರೆ ಆ ಮನೆಯವರು ಗೇಟ್ ಒಳಗೇ ಇರಬೇಕು ಅಂತ ರೂಲ್ ಮಾಡೋಣ.

ಮನೆ 8
ಬೇಡ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹೀಗೆ ದೂರ ಇಡುತ್ತಾರೆ ಅನ್ನುವ ಭಯಕ್ಕೇ ಜನ ಜ್ವರ ಮುಚ್ಚಿಡುವುದು.

ಮನೆ 31
ಬೆಳಿಗ್ಗೆಯಿಂದ ಫೋನ್ ಮಾಡಿದ್ದರ ವರದಿ. ಮೊದಲು ಮಾಡಿದ ಕಚೇರಿಯವರು ಅದು ಇನ್ನೊಂದು ಇಲಾಖೆಯ ಕೆಲಸ ಅಂದರು, ಆ ಇಲಾಖೆಯವರು ಜಾಗ ಯಾರ ಗಡಿಯಲ್ಲಿ ಬರುತ್ತದೆ ಅಂತ ಕೇಳಿದರು. ಮಂಗ ಗಡಿ ನೋಡಿಕೊಂಡು ಸಾಯಬೇಕಿತ್ತು ಅಂತ ಕಾಣುತ್ತದೆ. ಕೊನೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನೇ ಹೋಗಿ ಬರೆದುಕೊಟ್ಟು, ಸೀಲ್ ಹಾಕಿಸಿಕೊಂಡು ಬಂದೆ. ಪಶುವೈದ್ಯರು ನಾಳೆ ಬೆಳಿಗ್ಗೆ ಬಂದು ಸ್ಯಾಂಪಲ್ ತೆಗೆದು ದೇಹವನ್ನು ಸುಡುತ್ತಾರಂತೆ, ಅದಾದ ಮೇಲೆ ಪುಡಿ ಹಾಕುತ್ತಾರೆ. ಅಲ್ಲಿಯವರೆಗೆ ದಾರಿಯ ಎರಡೂ ತುದಿಗೆ ಹಗ್ಗ ಕಟ್ಟಬೇಕು. ಯಾರು ಬರುತ್ತೀರಿ?

ಮನೆ 27
ನಾನು ಬರುತ್ತೇನೆ, ಹಗ್ಗವೂ ಇದೆ. ಈ ವಾರ ಆ ದಾರಿಯಲ್ಲಿ ಓಡಾಡಿದವರ ಪಟ್ಟಿಯನ್ನು ಮನೆ 8ರವರಿಗೆ ನೇರವಾಗಿ ಕಳಿಸಿ, ಗುಂಪಿನಲ್ಲಿ ಹಾಕಬೇಡಿ. ಎರಡು ವಾರ ಅವರನ್ನು ವಿಚಾರಿಸುತ್ತಾ ಇರೋಣ.

ಮನೆ 14
ನಮ್ಮ ನಾಯಿ ನಿನ್ನೆ ಆ ಕಡೆ ಹೋಗಿ ಬಂತು. ಏನು ಮಾಡಲಿ?

ಮನೆ 8
ಕೈಗೆ ಗ್ಲೌಸ್ ಹಾಕಿ ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ ನೋಡಿ, ಸಿಕ್ಕಿದ್ದನ್ನು ಚಿಮಟದಲ್ಲಿ ತೆಗೆದು ಸೋಪಿನ ನೀರಿಗೆ ಹಾಕಿ. ನಾಯಿಗೆ ಉಣುಗಿನಿಂದ ಬರುವ ಜ್ವರವೇ ಬೇರೆ ಇದೆ, ಊಟ ಬಿಟ್ಟರೆ ಡಾಕ್ಟರಿಗೆ ತೋರಿಸಿ. ಮಂಚದ ಮೇಲೆ ಮಲಗಿಸಿಕೊಳ್ಳುವ ಅಭ್ಯಾಸ ಇದ್ದರೆ ಮಳೆ ಬರುವವರೆಗೆ ಬಿಡಿ.

ಮನೆ 3
ನಮ್ಮ ಹಸುಗಳಿಗೂ ಬೆನ್ನ ಮೇಲೆ ಹಾಕುವ ಉಣುಗಿನ ಔಷಧ ಬೇಕು. ನಾಳೆ ಪಶುವೈದ್ಯರು ಬಂದಾಗ ಹಿಡಿದುಕೊಳ್ಳಿ, ನಾನು ಬರುವವರೆಗೆ ಬಿಡಬೇಡಿ.

ಮನೆ 31
ಆಯಿತು. ಹಗ್ಗಕ್ಕೆ ಐದು ಗಂಟೆಗೆ ಟ್ಯಾಂಕ್ ಹತ್ತಿರ, ಅದರಿಂದ ಆಚೆ ಬೇಡ. ಚಪ್ಪಲಿಯಲ್ಲಿ ಬಂದವರನ್ನು ವಾಪಸ್ ಕಳಿಸುತ್ತೇನೆ.