ಕರೆಂಟ್ ವಾಪಸ್ ಬಂದಾಗ ಇನ್ವರ್ಟರ್ ಎಂಸಿಬಿ ಬೀಳುತ್ತಿದೆ, ನಿಮಗೆ ಯಾರಿಗಾದರೂ ಹೀಗಾಗಿದೆಯಾ?

ನಮ್ಮದು ಶಿವಮೊಗ್ಗ. ಮನೆಯಲ್ಲಿ 900 ವಿಎ ಇನ್ವರ್ಟರ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ, ನಾಲ್ಕು ವರ್ಷ ಆಯ್ತು. ಕರೆಂಟ್ ಹೋದಾಗ ಏನೂ ತೊಂದರೆ ಇಲ್ಲ. ವಾಪಸ್ ಬಂದಾಗಲೇ ಕಷ್ಟ. ಇನ್ವರ್ಟರ್‌ಗೆ ಹೋಗುವ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಆಫ್ ಆಗುವ ಸ್ವಿಚ್) ಟಪ್ ಅಂತ ಬೀಳುತ್ತದೆ, ಅದೂ ಪ್ರತಿ ಸಲ ಅಲ್ಲ, ಐದರಲ್ಲಿ ಎರಡು ಸಲ. ರಾತ್ರಿ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಬ್ಯಾಟರಿ ಖಾಲಿಯಾಗಿ ಇನ್ವರ್ಟರ್ ಕೂಗಿಕೊಂಡಾಗ ಎದ್ದು ನೋಡಿದರೆ ಎದುರು ಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ನಮ್ಮಲ್ಲಿ ಮಾತ್ರ ಕತ್ತಲು. ವೈರಿಂಗ್‌ನವರು ಎಂಸಿಬಿ ಬದಲಾಯಿಸಿದರು, ಎರಡು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಈಗ 32 ಆಂಪಿಯರ್‌ದು ಹಾಕಿಬಿಡೋಣ ಅಂತ ತಂದಿಟ್ಟಿದ್ದಾರೆ. ಹಾಕಿಸಲಾ?

ಸಾಗರದಿಂದ:

32 ಮಾತ್ರ ಹಾಕಿಸಬೇಡಿ ಮೇಡಂ. ಎಂಸಿಬಿ ಇರುವುದು ಇನ್ವರ್ಟರ್ ಕಾಯುವುದಕ್ಕಲ್ಲ, ಗೋಡೆಯೊಳಗಿನ ವೈರ್ ಕಾಯುವುದಕ್ಕೆ. ಲೈಟಿನ ಲೈನ್‌ಗೆ ಸಾಮಾನ್ಯವಾಗಿ 1.5 ಎಂಎಂ ವೈರ್ ಎಳೆದಿರುತ್ತಾರೆ. ಅದಕ್ಕೆ 32 ಹಾಕಿದರೆ ಮೊದಲು ಸುಡುವುದು ವೈರ್, ಎಂಸಿಬಿ ಸುಮ್ನೆ ನೋಡುತ್ತಾ ಕೂತಿರುತ್ತದೆ.

ನಮ್ಮನೆಯಲ್ಲೂ ಇದೇ ಕಾಯಿಲೆ ಇತ್ತು, ಸುಮಾರು ಆರು ತಿಂಗಳು. ನಾನು ಮೊದಲು ಲೋಡ್ ಜಾಸ್ತಿ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಹಾಗೇನೂ ಇಲ್ಲ. ಫ್ಯಾನ್, ಲೈಟ್, ಟಿವಿ ಸೇರಿ 400 ವ್ಯಾಟ್, ಬ್ಯಾಟರಿ ಚಾರ್ಜ್ ಆಗುವುದಕ್ಕೆ ಇನ್ನೊಂದು 300 ಅಂತಿಟ್ಟುಕೊಳ್ಳಿ. ಒಟ್ಟು 3 ಆಂಪಿಯರ್ ಚಿಲ್ಲರೆ. 6 ಆಂಪಿಯರ್ ಎಂಸಿಬಿ ಯಾಕೆ ಬೀಳಬೇಕು ಹೇಳಿ?

ಒಂದು ಭಾನುವಾರ ಪಟ್ಟು ಹಿಡಿದು ಕೂತೆ. ಇನ್ವರ್ಟರ್‌ನಿಂದ ಹೊರಗೆ ಹೋಗುವ ಲೋಡ್ ಪೂರ್ತಿ ತೆಗೆಸಿದೆ, ಫ್ರಿಜ್ ಪ್ಲಗ್ ಕೂಡ ಕಿತ್ತಿಟ್ಟೆ, ಪಾಪ ಅದಕ್ಯಾಕೆ ಶಿಕ್ಷೆ ಅಂತ. ಆಮೇಲೆ ಮೇನ್ ಆಫ್ ಮಾಡುವುದು, ಎರಡು ನಿಮಿಷ ಬಿಟ್ಟು ಆನ್ ಮಾಡುವುದು. ಹಾಲಿನ ಲೆಕ್ಕದ ಕ್ಯಾಲೆಂಡರ್ ಮೇಲೆಯೇ ಗೀಟು ಹಾಕುತ್ತಾ ಹೋದೆ. 10 ಸಲದಲ್ಲಿ 3 ಸಲ ಬಿತ್ತು, ಒಂದು ಬಲ್ಬ್ ಕೂಡ ಉರಿಯದೆ! ಅಲ್ಲಿಗೆ ಲೋಡ್ ನಿರಪರಾಧಿ ಅಂತ ಆಯ್ತಲ್ವಾ.

ವಿಷಯ ಇಷ್ಟೇ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಇನ್ವರ್ಟರ್ ಲೈನ್ ಕರೆಂಟಿಗೆ ಸೇರಿಕೊಳ್ಳುವ ಆ ಕ್ಷಣದಲ್ಲಿ ಒಂದು ದೊಡ್ಡ ಗುಟುಕು ಎಳೆಯುತ್ತದೆ. ಎಷ್ಟು ದೊಡ್ಡದು ಅನ್ನುವುದು ಕರೆಂಟಿನ ಅಲೆಯಲ್ಲಿ ಯಾವ ಜಾಗದಲ್ಲಿ ಸೇರಿತು ಅನ್ನುವುದರ ಮೇಲೆ ಹೋಗುತ್ತದೆ, ಅದಕ್ಕೇ ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ. ಟಾರ್ಚ್ ಹಿಡಿದು ಎಂಸಿಬಿ ಮುಖ ನೋಡಿ. ಬಿ6 ಅಂತಲೋ ಸಿ6 ಅಂತಲೋ ಇರುತ್ತದೆ. ಬಿ ಅಂದರೆ ಆ 6 ಆಂಪಿಯರ್‌ನ 3ರಿಂದ 5 ಪಟ್ಟು ಬಂದ ತಕ್ಷಣ ಬೀಳುವಂಥದ್ದು, ಅಂದರೆ 18ರಿಂದ 30 ಆಂಪಿಯರ್. ಸಿ ಅಂದರೆ 5ರಿಂದ 10 ಪಟ್ಟು. ನಮ್ಮದು ಬಿ6 ಇತ್ತು. ವೈರಿಂಗ್‌ನವರು ಬದಲಾಯಿಸುವಾಗ ಅಂಗಡಿಯಲ್ಲಿ ‘6ರದ್ದು ಕೊಡಿ’ ಅಂದು ಮತ್ತೊಂದು ಬಿ6 ತಂದಿದ್ದರು. ಸಿ6 ಹಾಕಿದ ಮೇಲೆ ನಿಂತಿತು. ಅರ್ತಿಂಗ್ ಮತ್ತು ವೈರಿಂಗ್ ಸರಿ ಇದೆಯಾ ಅಂತ ನೋಡಿಸಿಯೇ ಹಾಕಿಸಿ. ವೈರ್‌ನಲ್ಲೇ ಶಾರ್ಟ್ ಇದ್ದರೆ ಯಾವ ಅಕ್ಷರ ಹಾಕಿದರೂ ಬೀಳುತ್ತದೆ, ಬೀಳಲೂ ಬೇಕು.

ಬೆಂಗಳೂರಿನಿಂದ:

ಬೀಳುತ್ತಿರುವುದು ಎಂಸಿಬಿಯೇನಾ, ಆರ್‌ಸಿಸಿಬಿನಾ (ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್)? ‘ಟಿ’ ಅಂತ ಪುಟ್ಟ ಬಟನ್ ಇದ್ದರೆ ಅದು ಆರ್‌ಸಿಸಿಬಿ, ಆಗ ಕಥೆಯೇ ಬೇರೆ. ನಮ್ಮ ಫ್ಲ್ಯಾಟ್‌ನಲ್ಲಿ ಇನ್ವರ್ಟರ್ ಲೈನ್ ಆಮೇಲೆ ಎಳೆಸಿದ್ದು. ಫೇಸ್ ಒಂದು ಆರ್‌ಸಿಸಿಬಿಯಿಂದ ತಗೊಂಡು, ಬೆಡ್‌ರೂಮ್ ಲೈಟಿನ ನ್ಯೂಟ್ರಲ್ ಮಾತ್ರ ಇನ್ನೊಂದರ ಕಡೆ ಬಿಟ್ಟಿದ್ದರು. ಹೋಗಿದ್ದು ಒಂದು ದಾರಿ, ಬಂದಿದ್ದು ಇನ್ನೊಂದು ದಾರಿ. ಆರ್‌ಸಿಸಿಬಿ ಲೀಕ್ ಆಯ್ತು ಅಂದುಕೊಂಡು ಬೀಳುತ್ತದೆ. 30 ಮಿಲಿ ಆಂಪಿಯರ್ ಸಾಕು ಅದಕ್ಕೆ, ಒಂದು 9 ವ್ಯಾಟ್ ಎಲ್‌ಇಡಿ ಬಲ್ಬೇ ಅಷ್ಟು ಎಳೆಯುತ್ತದೆ. ಇನ್ವರ್ಟರ್ ಮೇಲೆ ಓಡುವಾಗ ಸರಿ ಇರುತ್ತಿತ್ತು, ಕರೆಂಟ್ ಬಂದಾಗ ಬೆಡ್‌ರೂಮ್ ಲೈಟ್ ಆನ್ ಇದ್ದರೆ ಮಾತ್ರ ಇಡೀ ಮನೆ ಕತ್ತಲು. ನ್ಯೂಟ್ರಲ್ ಜಾಗ ಬದಲಾಯಿಸಿದ್ದು 10 ನಿಮಿಷದ ಕೆಲಸ, ಅದನ್ನು ಹುಡುಕಿದ್ದು ಮೂರು ವಾರ.

ತೀರ್ಥಹಳ್ಳಿಯಿಂದ:

ನಮ್ಮದು ಕರೆಂಟ್ ಬಂದ ಕೂಡಲೇ ಅಲ್ಲ, ಅರ್ಧ ಗಂಟೆ ಬಿಟ್ಟು ಬೀಳುತ್ತಿತ್ತು. ಎಂಸಿಬಿ ಮುಟ್ಟಿದರೆ ಬಿಸಿ, ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಸ್ಕ್ರೂ ಸಡಿಲ ಆಗಿ ವೈರಿನ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಸುಟ್ಟ ತುದಿ ಕತ್ತರಿಸಿ, ಹೊಸ ಎಂಸಿಬಿ ಹಾಕಿ ಬಿಗಿ ಮಾಡಿದರು, ಅಷ್ಟೇ. ಮಳೆಗಾಲದಲ್ಲಿ ಮಾತ್ರ ಬೀಳುತ್ತೆ ಅನ್ನುವವರು ಗೇಟ್ ಲೈಟಿನೊಳಗೆ ನೀರು ಇದೆಯಾ ನೋಡಿ.

ಹುಬ್ಬಳ್ಳಿಯಿಂದ:

ಒಂದೇ ಮಾತು. ಮೇನ್ ಆಫ್ ಮಾಡಿದೆ ಅಂತ ಬೋರ್ಡಿಗೆ ಕೈ ಹಾಕಬೇಡಿ. ಮೇನ್ ಹೋದ ಕೂಡಲೇ ಇನ್ವರ್ಟರ್ ಶುರುವಾಗಿ ಅದೇ ಬೋರ್ಡಿನಲ್ಲಿ 230 ವೋಲ್ಟ್ ಇರುತ್ತದೆ. ನನಗೆ ಹೊಡೆದಿದ್ದು ಹಾಗೇ. ಇನ್ವರ್ಟರ್ ಸ್ವಿಚ್ ಆಫ್ ಮಾಡಿಸಿ, ಬ್ಯಾಟರಿ ವೈರ್ ಬಿಚ್ಚಿಸಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೆಲಸ.

ಮತ್ತೆ ಶಿವಮೊಗ್ಗದಿಂದ:

ಎಲ್ಲರಿಗೂ ಥ್ಯಾಂಕ್ಸ್. ‘ಟಿ’ ಬಟನ್ ಇಲ್ಲ, ಎಂಸಿಬಿಯೇ. ಬಿ6 ಅಂತ ಬರೆದಿದೆ. ತೆಗೆದಿಟ್ಟಿದ್ದ ಹಳೆಯದನ್ನೂ ಹುಡುಕಿ ನೋಡಿದೆ, ಅದೂ ಬಿ6! ಲೋಡ್ ತೆಗೆದು ಸಾಗರದವರು ಹೇಳಿದ ಹಾಗೆ ಮಾಡಿದೆವು, ನಾಲ್ಕನೇ ಸಲಕ್ಕೇ ಬಿತ್ತು. ವೈರ್ 1.5 ಎಂಎಂ ಇರುವುದರಿಂದ ಸಿ6 ಹಾಕಿಸಿದೆ. ಇವತ್ತಿಗೆ 12 ದಿನ, ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗಿ ಬರುತ್ತೆ ಅಂತ ನಿಮಗೆ ಗೊತ್ತಲ್ಲ, ಒಂದು ಸಲವೂ ಬಿದ್ದಿಲ್ಲ. 32ರದ್ದು ಡಬ್ಬಿಯಲ್ಲೇ ಇದೆ, ಅಂಗಡಿಯವರು ವಾಪಸ್ ತಗೊಳ್ಳಲ್ವಂತೆ.